ಚೋಮನಿಗೆ ಸಿಗದ ಗದ್ದೆ, ಕಾರಂತರು ಬಿಟ್ಟುಹೋದ ಪ್ರಶ್ನೆ

ಬೈಂದೂರು, ಕುಂದಾಪುರ ಕಡೆಯಿಂದ ಬ್ರಹ್ಮಾವರಕ್ಕೆ ಬಸ್ಸಲ್ಲಿ ಹೋಗುವಾಗ ನಡುವೆ ಕೋಟ ಸಿಗುತ್ತದೆ. ನಾವು ದಿನಾ ದಾಟಿ ಹೋಗುವ ಈ ಊರಿನಲ್ಲೇ 1902ರ ಅಕ್ಟೋಬರ್ 10ರಂದು ಶಿವರಾಮ ಕಾರಂತರು ಹುಟ್ಟಿದ್ದು. ಜ್ಞಾನಪೀಠ ಬಂದವರು, ಯಕ್ಷಗಾನದ ಬಗ್ಗೆ ಬರೆದವರು ಎಂದು ಅವರನ್ನು ನೆನಪಿಸಿಕೊಳ್ಳುತ್ತೇವೆ. ಆದರೆ ಓದಿದವರು ಊರಿಗೆ ಏನು ಮಾಡಬೇಕು ಎಂಬುದನ್ನು ಬದುಕಿ ತೋರಿಸಿದ್ದು ಮಾತ್ರ ಮರೆತುಹೋಗುತ್ತಾ ಇದೆ.

ಅವರು ಕಾಲೇಜು ಮುಗಿಸಿದವರಲ್ಲ. ಮಂಗಳೂರಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯ ಅಸಹಕಾರ ಚಳವಳಿ ಬಂತು, ಓದು ಬಿಟ್ಟು ಹೊರಟರು. ಖಾದಿ ಪ್ರಚಾರ ಮಾಡುತ್ತಾ ಜಿಲ್ಲೆಯ ಹಳ್ಳಿಗಳನ್ನು ಸುತ್ತಿದರು. ಜನರ ಬದುಕು ಹೇಗಿದೆ ಎಂದು ಅವರು ಕಲಿತದ್ದು ಹಾಗೆ ತಿರುಗಿಯೇ.

1933ರಲ್ಲಿ 'ಚೋಮನ ದುಡಿ' ಬಂತು. ಚೋಮ ಧಣಿಯ ಮೂಲದ ಆಳು. ಅವನ ಗುಡಿಸಲಲ್ಲಿ ಒಂದು ಜೋಡಿ ಎತ್ತುಗಳಿವೆ, ಹೂಡಲು ಗದ್ದೆ ಇಲ್ಲ. ಒಂದು ತುಂಡು ಗದ್ದೆ ಗೇಣಿಗೆ ಸಿಕ್ಕಿದರೆ ಸಾಕು ಎಂಬುದೇ ಅವನ ಆಸೆ. ಧಣಿ ಕ್ರೂರಿಯೇನಲ್ಲ. ಕೊಟ್ಟರೆ ಕೊಡಬಹುದಿತ್ತು. ಆದರೆ ಹೊಲೆಯ ಬೇಸಾಯ ಮಾಡುವುದುಂಟಾ ಎಂಬ ಕಟ್ಟುಪಾಡು ಅಡ್ಡ ನಿಂತಿತು. ತೋಟದ ಸಾಲ ತೀರಿಸಲು ಮಕ್ಕಳು ಕಾಫಿ ಎಸ್ಟೇಟಿಗೆ ಹೋದರು. ಒಬ್ಬ ಮಗ ನೀರಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆ ಎಂದು ಯಾರೂ ಎತ್ತಲಿಲ್ಲ. ಕೊನೆಗೆ ಚೋಮನಿಗೆ ಉಳಿದದ್ದು ದುಡಿ ಮಾತ್ರ.

ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಕಾರಂತರು ತಮ್ಮವರ ನಡುವೆಯೇ ನಿಂತು ಇದನ್ನು ಬರೆದರು. 1936ರಲ್ಲಿ ಬಂಟ ಸಮುದಾಯದ ಲೀಲಾ ಆಳ್ವರನ್ನು ಮದುವೆಯಾದರು. ಬರೆದದ್ದು ಒಂದು, ಬದುಕಿದ್ದು ಇನ್ನೊಂದು ಎಂದು ಅವರ ಬಗ್ಗೆ ಹೇಳುವಂತಿಲ್ಲ.

ಪುಸ್ತಕ ಬಂದು ನಲ್ವತ್ತು ವರ್ಷದ ಮೇಲೆ, 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಯಾಯಿತು. ಡಿಕ್ಲರೇಶನ್ ಕೊಟ್ಟ ಗೇಣಿದಾರರು ಗದ್ದೆಯ ಒಡೆಯರಾದರು. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳು ತಲೆ ಎತ್ತಿದ್ದೇ ಆ ಕಾನೂನಿನಿಂದ. ಆದರೆ ಚೋಮ ಗೇಣಿದಾರನೇ ಅಲ್ಲ, ಕೂಲಿಯಾಳು. ಅವನಂಥವರಿಗೆ ಹೆಚ್ಚೆಂದರೆ ಗುಡಿಸಲು ಇದ್ದ ಜಾಗ ಸಿಕ್ಕಿತು, ಉಳುವ ಗದ್ದೆ ಸಿಗಲಿಲ್ಲ. ಕಾನೂನಿಗೆ ಕಾಣದೇ ಉಳಿದವನನ್ನು ಒಬ್ಬ ಬರಹಗಾರ ಅಷ್ಟು ಮೊದಲೇ ನೋಡಿದ್ದ.

ಬಡತನ ಇರುವುದು ಜಮೀನಿನಲ್ಲಿ ಮಾತ್ರವಲ್ಲ, ತಿಳಿವಳಿಕೆಯಲ್ಲೂ ಇದೆ ಎಂಬುದು ಅವರಿಗೆ ಗೊತ್ತಿತ್ತು. ಇಂಗ್ಲಿಷ್ ಬಾರದ ಮಗುವಿಗೆ ಜಗತ್ತು ತೆರೆಯಬೇಕು ಎಂದು 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು, ಮುಂದೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದರು. ಒಂದು ಸಂಸ್ಥೆ ಮಾಡಬೇಕಾದ ಕೆಲಸ ಅದು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಗೆ ಹೊಸ ದಾರಿ ಹುಡುಕಿದರು.

ಹೆಸರು ಬಂದ ಮೇಲೆ ಸುಮ್ಮನೆ ಕೂರಬಹುದಿತ್ತು, ಕೂರಲಿಲ್ಲ. ತುರ್ತು ಪರಿಸ್ಥಿತಿ ಬಂದಾಗ ಪದ್ಮಭೂಷಣ ವಾಪಸ್ ಮಾಡಿದರು. ಕೈಗಾ ಅಣುಸ್ಥಾವರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ಕೈಗಾ ಸ್ಥಾವರವೂ ನಿಲ್ಲಲಿಲ್ಲ. ಆದರೆ ಅಣುಸ್ಥಾವರದ ವಿಷಯ ಎಂಜಿನಿಯರುಗಳಿಗೆ ಬಿಟ್ಟದ್ದು ಎಂದು ಸುಮ್ಮನಿದ್ದ ಜನರೂ ಪ್ರಶ್ನೆ ಕೇಳಲು ಕಲಿತರು.

1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಕೋಟದಲ್ಲಿ ಈಗ ಅವರ ಹೆಸರಿನ ಥೀಮ್ ಪಾರ್ಕ್ ಇದೆ, ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಒಳ್ಳೆಯದೇ.

ಆದರೆ ನಮ್ಮಲ್ಲೂ ಈಗ ಡಾಕ್ಟರು, ಎಂಜಿನಿಯರು, ವಕೀಲರು ಬೇಕಾದಷ್ಟು ಆಗಿದ್ದಾರೆ. ಭೂಮಸೂದೆಯಲ್ಲಿ ಸಿಕ್ಕಿದ ಜಾಗದ ದಾಖಲೆ ಕೆಲವರ ಕಪಾಟಿನಲ್ಲಿ ಭದ್ರವಾಗಿದೆ. ಅದೇ ಗದ್ದೆಯಲ್ಲಿ ನಮ್ಮ ಅಜ್ಜಂದಿರ ಜೊತೆ ನಾಟಿ ಮಾಡಿದ ಆಳಿನ ಮೊಮ್ಮಕ್ಕಳು ಇಂದು ಎಲ್ಲಿದ್ದಾರೆ, ಏನು ಓದುತ್ತಿದ್ದಾರೆ? ಮುಂದಿನ ಸಲ ಬಸ್ಸು ಕೋಟದಲ್ಲಿ ನಿಂತಾಗ ಇದನ್ನೊಮ್ಮೆ ಯೋಚಿಸೋಣ.