ರೆವರೆಂಡ್ ಉತ್ತಂಗಿ ಚನ್ನಪ್ಪನವರು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಬ್ಬ ಸತ್ಪುರುಷರ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಯಾರ ಚರಿತ್ರೆಯನ್ನು ಬರೆಯಲೆಂದು ನಾನು ಬಹಳ ಹೊತ್ತು ಆಲೋಚಿಸಬೇಕಾಗಲಿಲ್ಲ. ಕೆಲವು ವರ್ಷಗಳ ಕೆಳಗೆ ನನ್ನ ಮುಂದೆ ಬಂದ ಎರಡು ಪ್ರಶ್ನೆಗಳೇ ಆ ಹೆಸರನ್ನು ಸೂಚಿಸಿದವು.

ಆ ವರ್ಷದ ವಾರ್ಷಿಕೋತ್ಸವಕ್ಕೆ ನ್ಯಾಮತಿಯ ಕಡೆಯ ಹುಡುಗಿಯರು ಸರ್ವಜ್ಞನ ತ್ರಿಪದಿಗಳನ್ನು ರಾಗವಾಗಿ ಹಾಡಲು ಅಭ್ಯಾಸ ಮಾಡುತ್ತಿದ್ದರು. ಜಗಳೂರಿನ ಕಡೆಯವರು ಕೋಲಾಟವನ್ನು ಆರಿಸಿಕೊಂಡಿದ್ದರು. ಆಗ ಹೊನ್ನಾಳಿಯಿಂದ ನಮ್ಮ ಸಭೆಯ ಹಿರಿಯರೊಬ್ಬರು ಬಂದು, ಕ್ರೈಸ್ತ ಶಾಲೆಯ ವೇದಿಕೆಯ ಮೇಲೆ ಇವೆಲ್ಲ ಸಲ್ಲುವುದೇ ಎಂದು ಮೃದುವಾಗಿ ವಿಚಾರಿಸಿದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ಮಗಳ ವಿಷಯದಲ್ಲಿ ತಂದೆಗಿರುವ ಚಿಂತೆಯಿತ್ತು. ಅದೇ ತಿಂಗಳಲ್ಲಿ ಚನ್ನಗಿರಿ ತಾಲ್ಲೂಕಿನ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು, ಗ್ರಾಮ ಪಂಚಾಯಿತಿಯ ಚುನಾವಣೆಗೆ ನಿಲ್ಲಲು ಊರವರು ಒತ್ತಾಯಿಸುತ್ತಿದ್ದಾರೆ, ರಾಜಕೀಯವು ಕ್ರೈಸ್ತ ಹೆಂಗಸಿಗೆ ತಕ್ಕದ್ದೇ ಅಮ್ಮಾ ಎಂದು ಕೇಳಿದಳು. ಇಬ್ಬರಿಗೂ ಕೂಡಲೇ ಉತ್ತರ ಕೊಡುವುದು ನನ್ನಿಂದಾಗಲಿಲ್ಲ. ಆ ದಿನಗಳಲ್ಲಿ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಜೀವನವನ್ನು ಮತ್ತೊಮ್ಮೆ ಓದಿದೆನು.

ಚನ್ನಪ್ಪನವರು ೧೮೮೧ನೆಯ ಇಸವಿ ಅಕ್ಟೋಬರ್ ೨೮ರಂದು ಧಾರವಾಡದಲ್ಲಿ ಜನಿಸಿದರು. ಉತ್ತಂಗಿ ಎಂಬುದು ಹೂವಿನಹಡಗಲಿ ಸೀಮೆಯ ಒಂದು ಗ್ರಾಮದ ಹೆಸರು. ಅವರ ಪೂರ್ವಿಕರು ವೀರಶೈವರು. ಬಾಸೆಲ್ ಮಿಷನ್ನಿನವರ ಸುವಾರ್ತೆಯ ಮೂಲಕ ಆ ಮನೆತನಕ್ಕೆ ಕ್ರೈಸ್ತ ನಂಬಿಕೆಯು ಬಂದಿತು. ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೂ ೧೮೩೭ರಲ್ಲಿ ಧಾರವಾಡಕ್ಕೂ ಬಂದು ನೆಲೆಸಿದ್ದರು. ಧರ್ಮವು ಬದಲಾದರೂ ಆ ಮನೆಯಲ್ಲಿ ಕನ್ನಡದ ಹೆಸರು ಬದಲಾಗಲಿಲ್ಲ. ಚನ್ನಪ್ಪ ಎಂಬ ಆ ಹೆಸರಿನಿಂದಲೇ ಅವರು ಮುಂದೆ ಸಭಾಪಾಲಕರಾದರು, ಅದೇ ಹೆಸರಿನಿಂದಲೇ ನಾಡಿನಲ್ಲೆಲ್ಲ ಪ್ರಸಿದ್ಧರಾದರು. ನಮ್ಮ ತಂದೆತಾಯಿಗಳು ಇದನ್ನು ಗಮನಿಸಬೇಕು.

ಧಾರವಾಡದಲ್ಲಿ ವಿದ್ಯಾಭ್ಯಾಸವಾದ ಬಳಿಕ ಅವರು ಮಂಗಳೂರಿನ ದೈವಜ್ಞಾನ ಪಾಠಶಾಲೆಯಲ್ಲಿ ಓದಿ, ಉಪದೇಶಕರ ಕೆಲಸಕ್ಕೆ ಸೇರಿದರು. ಮಂಗಳೂರಿನ ಆ ಮಿಷನ್ ಪರಂಪರೆಯಲ್ಲಿ ಕನ್ನಡವೆಂಬುದು ಉಪದೇಶದ ಸಾಧನ ಮಾತ್ರವಾಗಿರಲಿಲ್ಲ. ಹರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಆರಂಭಿಸಿ, ಕನ್ನಡದಲ್ಲಿ ವೃತ್ತಪತ್ರಿಕೆಯೆಂಬುದಕ್ಕೆ ನಾಂದಿ ಹಾಡಿದ್ದರು. ಫರ್ಡಿನೆಂಡ್ ಕಿಟೆಲರು ತಮ್ಮ ಮಹಾನಿಘಂಟನ್ನು ೧೮೯೪ರಲ್ಲಿ ಅಚ್ಚುಹಾಕಿಸಿದ್ದರು. ಅವರು ಹೊರದೇಶದಿಂದ ಬಂದು ಈ ನುಡಿಯನ್ನು ಕಲಿತವರು. ಚನ್ನಪ್ಪನವರಾದರೋ ಈ ನುಡಿಯಲ್ಲೇ ಹುಟ್ಟಿದವರು. ಪರದೇಶದವರು ಇಷ್ಟು ಮಾಡಿರುವಾಗ ಈ ನೆಲದ ಮಕ್ಕಳಾದ ಕ್ರೈಸ್ತರು ಸುಮ್ಮನಿರಬಹುದೇ ಎಂಬ ಪ್ರಶ್ನೆಗೆ ಅವರ ಬಾಳೇ ಉತ್ತರವಾಯಿತು.

ಹುಬ್ಬಳ್ಳಿ, ಗದಗ, ಹಡಗಲಿ ಮೊದಲಾದ ಕಡೆಗಳಲ್ಲಿ ಅವರು ಸುವಾರ್ತಾ ಸೇವೆಯನ್ನು ಮಾಡಿದರು. ಉಪದೇಶಕ್ಕಾಗಿ ಹಳ್ಳಿಹಳ್ಳಿಗೂ ಹೋಗುವಾಗ ಅವರು ಒಂದು ಸಂಗತಿಯನ್ನು ಕಂಡುಕೊಂಡರು. ಓದುಬರಹವಿಲ್ಲದ ಒಕ್ಕಲಿಗನೂ ಸಂತೆಗೆ ಹೊರಟ ಮುದುಕಿಯೂ ಮಾತಿಗೊಂದು ಸರ್ವಜ್ಞನ ತ್ರಿಪದಿಯನ್ನು ಹೇಳುತ್ತಿದ್ದರು. ಆ ಮೂರು ಸಾಲುಗಳು ಅವರಿಗೆ ನೀತಿಶಾಸ್ತ್ರವೂ ಹೌದು, ವಿನೋದವೂ ಹೌದು, ನ್ಯಾಯಪಂಚಾಯಿತಿಯಲ್ಲಿ ಸಾಕ್ಷಿಯೂ ಹೌದು. ಜನರು ಯಾವುದರಿಂದ ಬದುಕುತ್ತಿದ್ದಾರೆಂಬುದನ್ನು ತಿಳಿಯದೆ ಅವರಿಗೆ ಉಪದೇಶಿಸುವುದು ಗೋಡೆಗೆ ಹೇಳಿದಂತೆಯೇ ಸರಿ. ಆದಕಾರಣ ಬೋಧಿಸಬಂದ ಅವರು ಮೊದಲು ಕೇಳುವವರಾದರು.

ಸರ್ವಜ್ಞನ ಪದಗಳು ಆಗ ಚದರಿಹೋಗಿದ್ದವು. ಕೆಲವು ಓಲೆಗರಿಗಳಲ್ಲಿ, ಕೆಲವು ಕೈಬರಹದ ಪುಸ್ತಕಗಳಲ್ಲಿ, ಉಳಿದವು ಜನರ ಬಾಯಲ್ಲಿ. ಒಂದೇ ಪದವು ಒಂದೊಂದು ಊರಿನಲ್ಲಿ ಒಂದೊಂದು ಬಗೆಯಾಗಿತ್ತು. ಯಾರೋ ಕಟ್ಟಿದ ಪದಗಳೂ ಸರ್ವಜ್ಞನ ಅಂಕಿತದಿಂದ ಓಡಾಡುತ್ತಿದ್ದವು. ಚನ್ನಪ್ಪನವರು ಅನೇಕ ವರ್ಷಗಳ ಕಾಲ ಪ್ರತಿಗಳನ್ನು ಹುಡುಕಿದರು, ಹಾಡುವವರಿಂದ ಕೇಳಿ ಬರೆದುಕೊಂಡರು, ಪಾಠಗಳನ್ನು ಒಂದಕ್ಕೊಂದು ಹೋಲಿಸಿದರು, ಸಲ್ಲುವುದನ್ನೂ ಸಲ್ಲದುದನ್ನೂ ವಿಚಾರಿಸಿದರು. ತಮ್ಮ ಅಲ್ಪ ಸಂಬಳದಲ್ಲಿಯೇ ಇದನ್ನೆಲ್ಲ ನಡಸಬೇಕಾಗಿತ್ತು. ಕಡೆಗೆ ೧೯೨೪ರಲ್ಲಿ ಸುಮಾರು ೨,೦೦೦ ತ್ರಿಪದಿಗಳುಳ್ಳ ಸರ್ವಜ್ಞನ ವಚನಗಳು ಪ್ರಕಟವಾದವು. ಮುಂದೆ ಸರ್ವಜ್ಞನ ಕುರಿತು ಕೆಲಸ ಮಾಡಿದವರೆಲ್ಲರಿಗೂ ಆ ಗ್ರಂಥವೇ ಆಧಾರವಾಯಿತು.

ಸರ್ವಜ್ಞನ ಊರೆಂದು ಹೇಳುವ ಮಾಸೂರೂ ಅಬಲೂರೂ ಹಾವೇರಿ ಜಿಲ್ಲೆಯವು; ನಮ್ಮ ಹೊನ್ನಾಳಿ ನ್ಯಾಮತಿಗಳಿಗೆ ದೂರವಲ್ಲ. ನಮ್ಮ ಮಕ್ಕಳು ಅಜ್ಜಿಯರಿಂದ ಕೇಳಿದ ಪದಗಳನ್ನು ಒಬ್ಬ ಕ್ರೈಸ್ತ ಸಭಾಪಾಲಕರು ಗೆದ್ದಲಿಗೆ ಬೀಳದಂತೆ ಕಾಪಾಡಿಕೊಟ್ಟರೆಂಬ ಸಂಗತಿಯು, ಆ ಪದಗಳನ್ನು ಹಾಡುವ ನಮ್ಮ ಹುಡುಗಿಯರಲ್ಲಿ ಒಬ್ಬಳಿಗೂ ತಿಳಿದಿರಲಿಲ್ಲ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಸರ್ವಜ್ಞನು ಕುಲದ ಹೆಮ್ಮೆಯನ್ನೂ ಕಪಟ ಭಕ್ತಿಯನ್ನೂ ಬಹು ಕಟುವಾಗಿ ಖಂಡಿಸಿದವನು, ದಾನವನ್ನೂ ದುಡಿಮೆಯನ್ನೂ ಹೊಗಳಿದವನು. ಆದರೂ ಹೆಂಗಸರ ವಿಷಯದಲ್ಲಿ ಅವನ ಹೆಸರಿನಲ್ಲಿರುವ ಕೆಲವು ಪದಗಳು ಹೆಣ್ಣುಮಕ್ಕಳ ಶಾಲೆಯಲ್ಲಿ ತಲೆದೂಗಿ ಒಪ್ಪತಕ್ಕವುಗಳಲ್ಲ. ಜನರ ಸೊತ್ತನ್ನು ಪ್ರೀತಿಸುವುದೆಂದರೆ ಅದರಲ್ಲಿರುವುದನ್ನೆಲ್ಲ ಕಣ್ಣುಮುಚ್ಚಿ ನುಂಗುವುದಲ್ಲ. ಪ್ರತಿಗಳನ್ನು ಹೋಲಿಸಿ ಸಲ್ಲದ ಪಾಠವನ್ನು ಬೇರ್ಪಡಿಸಲು ಚನ್ನಪ್ಪನವರಲ್ಲಿದ್ದ ತಾಳ್ಮೆಯು ನಮ್ಮಲ್ಲಿಯೂ ಇರಬೇಕು. ಇಂದಿನ ಸಿನೆಮಾ ಹಾಡಿಗೂ ದೂರದರ್ಶನದ ಕಥೆಗೂ ಮಕ್ಕಳ ಕೈಯಲ್ಲಿರುವ ಫೋನಿಗೂ ಇದೇ ನಿಯಮ. ನಾವು ನೋಡದೆ ಬೈದರೆ ಮಕ್ಕಳು ನಮಗೆ ಮರೆಯಾಗಿ ನೋಡುವರು. ಅವರೊಡನೆ ಕುಳಿತು ನೋಡಿ, ಇದು ಕಾಳು ಇದು ಜೊಳ್ಳು ಎಂದು ಕೇರಿ ತೋರಿಸಿದರೆ ಕೇರುವುದನ್ನು ಅವರೂ ಕಲಿಯುವರು.

ಚನ್ನಪ್ಪನವರು ಸರ್ವಜ್ಞನಲ್ಲಿಯೇ ನಿಲ್ಲಲಿಲ್ಲ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರ ಸಾರದ ಮೊದಲನೆಯ ಭಾಗವನ್ನು ಹೊರತಂದು, ಶಿವಶರಣರ ವಚನಗಳನ್ನು ಬೆಳಕಿಗೆ ತರುತ್ತಿದ್ದ ಕಾಲವದು. ಚನ್ನಪ್ಪನವರೂ ಆ ಸಾಹಿತ್ಯವನ್ನು ಹೊಕ್ಕು ಶೋಧಿಸಿದರು. ಸಿದ್ಧರಾಮ, ಮೋಳಿಗೆ ಮಾರಯ್ಯ, ಆದಯ್ಯ ಮೊದಲಾದ ಶರಣರ ಸಾಹಿತ್ಯವನ್ನು ಸಂಗ್ರಹಿಸುವ ಕೆಲಸದಲ್ಲಿ ಅವರ ಕೈಯಿದೆ. ಅನುಭವ ಮಂಟಪವು ನಿಜವಾಗಿ ಇದ್ದಿತೇ ಇಲ್ಲವೇ ಎಂಬ ಚರ್ಚೆಯು ಪಂಡಿತರಲ್ಲಿ ಎದ್ದಾಗ, ಅದು ಐತಿಹಾಸಿಕವೆಂದು ಗ್ರಂಥವನ್ನು ಬರೆದು ವಾದಿಸಿದವರು ಈ ಕ್ರೈಸ್ತ ಪಾದ್ರಿಗಳು. ಅವರು ತಮ್ಮನ್ನು ತಿರುಕನೆಂದು ಕರೆದುಕೊಂಡರು. ನಾಡು ಅವರನ್ನು ತಿರುಳ್ಗನ್ನಡದ ತಿರುಕನೆಂದು ಪ್ರೀತಿಯಿಂದ ಕರೆಯಿತು. ಮನೆಮನೆಯ ಬಾಗಿಲಲ್ಲಿ ನಿಂತು ಅವರು ಬೇಡಿದ್ದು ಕನ್ನಡದ ತಿರುಳನ್ನು.

ಹೀಗಿದ್ದರೂ ತಮ್ಮ ನಂಬಿಕೆಯನ್ನು ಅವರು ಎಲ್ಲಿಯೂ ಅಡಗಿಸಲಿಲ್ಲ. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಪುಸ್ತಕವನ್ನು ಬರೆದು, ಕ್ರಿಸ್ತನ ವಿಷಯವನ್ನು ಹಿಂದೂ ಬಾಂಧವರ ಮುಂದೆ ಇರಿಸಿದರು. ಪುಸ್ತಕದ ಹೆಸರಿನಲ್ಲಿಯೇ ಅವರ ಮನೋಧರ್ಮವು ಕಾಣುತ್ತದೆ. ಅದು ಆಜ್ಞೆಯಲ್ಲ, ವಾದವೂ ಅಲ್ಲ, ವಿನಂತಿ. ನೆರೆಯವನನ್ನು ಗೌರವಿಸುವವನು ಮಾತ್ರ ವಿನಂತಿ ಮಾಡಬಲ್ಲನು. ಇಂಥ ನಡುದಾರಿಯಲ್ಲಿ ನಡೆಯುವವನಿಗೆ ಎರಡು ಕಡೆಯಿಂದಲೂ ಸಂಶಯವು ತಪ್ಪುವುದಿಲ್ಲ. ಶರಣರನ್ನು ಇಷ್ಟು ಹೊಗಳುವವನು ಕ್ರಿಸ್ತನಿಗೆ ನಿಷ್ಠನೇ ಎಂದು ಒಳಗಿನವರು ಶಂಕಿಸಬಹುದು. ಈ ಪ್ರೀತಿಯ ಹಿಂದೆ ಮತಾಂತರದ ಬಲೆಯಿದೆಯೇ ಎಂದು ಹೊರಗಿನವರು ಶಂಕಿಸಬಹುದು. ಸತ್ಯವಾದ ಕೆಲಸವನ್ನು ಬಹುಕಾಲ ಮಾಡುತ್ತಲೇ ಇರುವುದು ಎರಡೂ ಶಂಕೆಗಳಿಗೆ ಒಂದೇ ಉತ್ತರ. ಚನ್ನಪ್ಪನವರು ಆ ಉತ್ತರವನ್ನೇ ಕೊಟ್ಟರು.

ಅದರ ಫಲವು ೧೯೪೯ರಲ್ಲಿ ಕಂಡಿತು. ಆ ಕಾಲವು ಎಂಥದೆಂಬುದನ್ನು ಇಂದಿನ ಮಕ್ಕಳು ತಿಳಿಯಬೇಕು. ಕನ್ನಡನಾಡು ಆಗ ಒಂದಾಗಿರಲಿಲ್ಲ. ನಮ್ಮ ಚನ್ನಗಿರಿ, ಹೊನ್ನಾಳಿ, ಜಗಳೂರುಗಳು ಮೈಸೂರು ಸಂಸ್ಥಾನದವು. ಹೊನ್ನಾಳಿಯಿಂದ ಉತ್ತರಕ್ಕೆ ಸ್ವಲ್ಪ ಹೋದರೆ ಮುಂಬಯಿ ಪ್ರಾಂತ, ಜಗಳೂರಿನಿಂದ ಉತ್ತರಕ್ಕೆ ಹೋದರೆ ಮದರಾಸು ಪ್ರಾಂತ. ಕಲಬುರ್ಗಿಯ ಸೀಮೆಯು ಹೈದರಾಬಾದಿನ ನಿಜಾಮರ ಆಳಿಕೆಯಲ್ಲಿದ್ದು, ೧೯೪೮ನೆಯ ಸೆಪ್ಟೆಂಬರಿನಲ್ಲಷ್ಟೇ ಭಾರತದಲ್ಲಿ ಕೂಡಿತ್ತು. ಮತದ ಹೆಸರಿನಲ್ಲಿ ಆದ ಗಾಯಗಳು ಅಲ್ಲಿ ಇನ್ನೂ ಹಸಿಯಾಗಿದ್ದವು. ಅಂಥ ಕಲಬುರ್ಗಿಯಲ್ಲಿ ೧೯೪೯ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಸೇರಿದಾಗ, ಅಧ್ಯಕ್ಷ ಪೀಠದಲ್ಲಿ ಕುಳಿತವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಎಣಿಕೆಯಲ್ಲಿ ಬಹು ಚಿಕ್ಕದಾದ ಒಂದು ಸಮಾಜದ ಮನುಷ್ಯನನ್ನು ನಾಡು ತನ್ನ ನುಡಿಯ ಗದ್ದಿಗೆಯ ಮೇಲೆ ಕುಳ್ಳಿರಿಸಿತು. ಅದು ಮೀಸಲಾತಿಯಿಂದ ಬಂದುದಲ್ಲ, ಗುಂಪು ಕಟ್ಟಿ ಕೇಳಿದ್ದೂ ಅಲ್ಲ. ಎಷ್ಟೋ ವರ್ಷಗಳ ಸೇವೆಗೆ ಜನರು ತಾವಾಗಿ ಸಲ್ಲಿಸಿದ ವಿಶ್ವಾಸ.

ರಾಜಕೀಯವೆಂದರೆ ಚುನಾವಣೆ, ಪಕ್ಷ, ಧ್ವಜ ಇವಿಷ್ಟೇ ಎಂದು ನಾವು ಎಣಿಸುತ್ತೇವೆ. ಒಂದು ನಾಡಿನ ಜನರು ಒಬ್ಬರನ್ನೊಬ್ಬರು ನಂಬಿ ಒಟ್ಟಾಗಿ ಬಾಳುವುದಕ್ಕೆ ಬೇಕಾದ ತಳಹದಿಯನ್ನು ಹಾಕುವುದೂ ರಾಜಕೀಯವೇ, ಅದರಲ್ಲಿ ಶ್ರೇಷ್ಠವಾದ ಭಾಗವೇ. ೧೯೫೩ರಲ್ಲಿ ಬಳ್ಳಾರಿಯ ಸೀಮೆಯು ಮೈಸೂರಿಗೆ ಸೇರಿತು. ೧೯೫೬ನೆಯ ನವೆಂಬರ್ ೧ರಂದು ಕನ್ನಡನಾಡು ಒಂದಾಯಿತು. ತಮ್ಮ ಪೂರ್ವಿಕರ ಹಡಗಲಿಯೂ ತಾವು ಹುಟ್ಟಿದ ಧಾರವಾಡವೂ ಒಂದೇ ರಾಜ್ಯದೊಳಗೆ ಬಂದುದನ್ನು ಚನ್ನಪ್ಪನವರು ಕಣ್ಣಾರೆ ಕಂಡರು. ೧೯೬೨ನೆಯ ಆಗಸ್ಟ್ ೨೮ರಂದು ಅವರು ದೈವಾಧೀನರಾದರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕ ಮಹನೀಯರೇ, ಈ ಚರಿತ್ರೆಯನ್ನು ಹೊನ್ನಾಳಿಯ ಆ ಹಿರಿಯರಿಗೆ ನಾನು ಹೇಳಿದೆನು. ಅವರು ಸುಮ್ಮನೆ ಕೇಳಿದರು. ಒಪ್ಪಿದೆನೆಂದಾಗಲಿ ಒಪ್ಪೆನೆಂದಾಗಲಿ ಹೇಳಲಿಲ್ಲ. ವಾರ್ಷಿಕೋತ್ಸವದ ದಿನ ಮೂರನೆಯ ಸಾಲಿನಲ್ಲಿ ಕುಳಿತು ತ್ರಿಪದಿಗಳನ್ನು ಕೊನೆಯವರೆಗೂ ಕೇಳಿದರು. ಕೋಲಾಟಕ್ಕೆ ಮುಂಚೆ ಎದ್ದುಹೋದರು. ಎಲ್ಲರನ್ನೂ ಒಂದೇ ದಿನದಲ್ಲಿ ಒಪ್ಪಿಸಬೇಕೆಂಬ ಆತುರವು ಚನ್ನಪ್ಪನವರಿಗೂ ಇರಲಿಲ್ಲವಷ್ಟೆ.

ಚನ್ನಗಿರಿಯ ಆ ಹೆಣ್ಣುಮಗಳಿಗೆ, ಜನರ ಕಷ್ಟವನ್ನು ಮೊದಲು ಕೇಳು, ಸುಳ್ಳು ಹೇಳಬೇಡ, ನಿನ್ನವರೆಂದು ಯಾರನ್ನೂ ಬೇರೆಯಾಗಿ ಎಣಿಸಬೇಡ, ಇವು ಮೂರೂ ಸಾಧ್ಯವಾದರೆ ನಿಲ್ಲು ಎಂದೆನು. ಆಕೆ ನಿಂತಳು, ಕೆಲವೇ ಮತಗಳಿಂದ ಸೋತಳು. ಸೋತ ಮಾರನೆಯ ದಿನವೂ ಓಣಿಯ ಹೆಂಗಸರು ನೀರಿನ ನಲ್ಲಿಯ ಅರ್ಜಿಯನ್ನು ಬರೆಸಲು ಆಕೆಯ ಮನೆಗೇ ಬಂದರು, ಇಂದಿಗೂ ಬರುತ್ತಿದ್ದಾರೆ. ನಮ್ಮ ಶಾಲೆಯಲ್ಲಿ ಕಲಿತ ಅಕ್ಷರವು ಊರಿನ ಅರ್ಜಿಗೆ ಒದಗುತ್ತಿದೆಯೆಂಬುದನ್ನು ಕೇಳಿ ನನ್ನ ಮನಸ್ಸು ತುಂಬಿತು. ನಮ್ಮ ಕರ್ತನು ತನ್ನವರಿಗೆ ಲೋಕದಲ್ಲಿ ಉಪ್ಪಾಗಿರಬೇಕೆಂದು ಕಲಿಸಿದನು. ಉಪ್ಪು ಭರಣಿಯಲ್ಲಿಯೇ ಉಳಿದರೆ ಅಡಿಗೆಗೆ ರುಚಿಯಿಲ್ಲ. ಅದು ಅನ್ನದಲ್ಲಿ ಕರಗಬೇಕು, ಕರಗಿಯೂ ಉಪ್ಪಾಗಿಯೇ ಇರಬೇಕು. ಉತ್ತಂಗಿ ಚನ್ನಪ್ಪನವರು ಹಾಗೆ ಬಾಳಿದರು. ನಮ್ಮ ಹೆಣ್ಣುಮಕ್ಕಳೂ ಹಾಗೆ ಬಾಳಲೆಂಬುದೇ ನನ್ನ ಪ್ರಾರ್ಥನೆ.