ಜಗದೀಶಚಂದ್ರ ಬೋಸ್: ಹರಳಿಗೆ ಕೆಲಸ ಕಲಿಸಿದ ಮಾಸ್ತರರು

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ವಿದ್ಯುತ್ ಪಾಠಕ್ಕೆ ಬ್ಯಾಟರಿ, ಬಲ್ಬು, ತಂತಿ ಒಯ್ಯುತ್ತಾರೆ. ತರಗತಿಯ ಗೋಡೆಯಲ್ಲೇ ಇರುವ ಫ್ಯಾನ್ ರೆಗ್ಯುಲೇಟರ್ ಕೂಡ ಒಂದು ಪಾಠೋಪಕರಣ. ಸದ್ದಿಲ್ಲದೆ ತಿರುಗುವ ಗುಂಡಿಯ ಅನೇಕ ರೆಗ್ಯುಲೇಟರ್‌ಗಳ ಒಳಗೆ ಟ್ರಯಾಕ್ ಎಂಬ ಸಿಲಿಕಾನ್ ಸ್ವಿಚ್ಚು ಇರುತ್ತದೆ. ಅದರಲ್ಲಿ ಅಲುಗಾಡುವ ಭಾಗವಿಲ್ಲ, ಕಿಡಿ ಹಾರುವುದಿಲ್ಲ. ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ತಂತಿಯಿಂದ ಬರಲಿ, ಬೇರೆಡೆಯಿಂದ ಬರಲಿ, ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತ, ಅಂದರೆ 100 ಅರ್ಧ ಆವರ್ತ. ಟ್ರಯಾಕ್ ಪ್ರತಿ ಅರ್ಧ ಆವರ್ತದಲ್ಲೂ ತುಸು ತಡೆದು ವಿದ್ಯುತ್ತನ್ನು ಹರಿಯಬಿಡುತ್ತದೆ. ಪ್ರವಾಹ ಸೊನ್ನೆಗೆ ಇಳಿದಾಗ ತಾನೇ ನಿಲ್ಲಿಸುತ್ತದೆ. ತಡ ಹೆಚ್ಚಿದಷ್ಟೂ ಫ್ಯಾನು ನಿಧಾನವಾಗುತ್ತದೆ.

ಅರೆವಾಹಕ ಹರಳನ್ನು ವಿದ್ಯುತ್ತಿನ ಕೆಲಸಕ್ಕೆ ಹಚ್ಚಿದ ಮೊದಲಿಗರಲ್ಲಿ ಒಬ್ಬರು ಮಾಸ್ತರರೇ ಆಗಿದ್ದರು. ಅವರೇ ಜಗದೀಶಚಂದ್ರ ಬೋಸ್.

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಬಂಗಾಳದಲ್ಲಿ. ತಂದೆ ಭಗವಾನ್ ಚಂದ್ರ ಸರಕಾರಿ ಅಧಿಕಾರಿ. ಆದರೂ ಮಗನನ್ನು ಮೊದಲು ಸೇರಿಸಿದ್ದು ಬಂಗಾಳಿ ಶಾಲೆಗೆ. ಅಲ್ಲಿ ಮೀನುಗಾರರ ಮಗ ಅವರ ಪಕ್ಕದಲ್ಲಿ ಕೂಡುತ್ತಿದ್ದ. ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಲಾಫೋಂ ಪ್ರಯೋಗ ಮಾಡಿ ತೋರಿಸುತ್ತಿದ್ದ ಪಾಠಗಳು ಅವರನ್ನು ಭೌತವಿಜ್ಞಾನದತ್ತ ಎಳೆದವು. ಮುಂದೆ ಕೇಂಬ್ರಿಜ್‌ನಲ್ಲಿ ಓದಿ ಬಂದು 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

ಅಲ್ಲಿ ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಕೊಡಲು ಬಂದಾಗ ಅವರು ಅದನ್ನು ಮುಟ್ಟಲಿಲ್ಲ. ಮೂರು ವರ್ಷ ಸಂಬಳವಿಲ್ಲದೆಯೇ ಪಾಠ ಮಾಡಿದರು. ಕೊನೆಗೆ ಪೂರ್ಣ ಸಂಬಳ ಹಿಂದಿನ ಬಾಕಿ ಸಮೇತ ದೊರೆಯಿತು. ಪ್ರಯೋಗಾಲಯಕ್ಕೆ ಸಿಕ್ಕಿದ್ದು ಚಿಕ್ಕ ಕೋಣೆ. ಉಪಕರಣ ಮಾಡಿಕೊಟ್ಟದ್ದು ಊರಿನ ತಗಡಿನ ಕೆಲಸಗಾರ. 1895ರಲ್ಲಿ ಕಲ್ಕತ್ತೆಯ ಟೌನ್ ಹಾಲ್‌ನಲ್ಲಿ ತಂತಿಯಿಲ್ಲದೆ, ಗೋಡೆ ದಾಟಿಸಿ, ಗಂಟೆ ಬಾರಿಸಿ ಮದ್ದಿಗೆ ಕಿಡಿ ತಾಗಿಸಿದರು.

ಆ ಅಲೆಗಳನ್ನು ಹಿಡಿಯಲು ಅವರು ಸೀಸದ ಅದಿರಾದ ಗೆಲೀನಾ ಹರಳಿಗೆ ಲೋಹದ ಮೊನೆ ತಾಗಿಸಿದರು. ಪೇಟೆಂಟಿನಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಸ್ನೇಹಿತರ ಒತ್ತಾಯದಿಂದ 1901ರಲ್ಲಿ ಸಲ್ಲಿಸಿದ ಅರ್ಜಿಗೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಆ ವೇಳೆಗೆ ಅವರ ಮನಸ್ಸು ಸಸ್ಯಗಳ ಅಧ್ಯಯನದತ್ತ ಹೊರಳಿತ್ತು. 1917ರಲ್ಲಿ ಬೋಸ್ ಸಂಶೋಧನಾ ಸಂಸ್ಥೆ ಕಟ್ಟಿದರು. 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ತೀರಿಕೊಂಡರು.

ಬೋಸರು ಟ್ರಯಾಕ್ ಮಾಡಿದವರಲ್ಲ. ಅವರು ತೀರಿದ 20 ವರ್ಷಗಳ ನಂತರ, 1957ರಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿ ಸಿಲಿಕಾನ್ ಥೈರಿಸ್ಟರ್ ತಂದಿತು. ಅದು ಒಂದೇ ದಿಕ್ಕಿನಲ್ಲಿ ವಿದ್ಯುತ್ತನ್ನು ಬಿಡುತ್ತಿತ್ತು. ಎರಡೂ ದಿಕ್ಕಿಗೆ ಒಗ್ಗುವ ಟ್ರಯಾಕ್ ನಂತರ ಬಂತು.

ಪ್ರಶಿಕ್ಷಣಾರ್ಥಿಗಳು ಈ ಪಾಠಕ್ಕೆ ಕೆಟ್ಟುಹೋದ ಹಳೆಯ ರೆಗ್ಯುಲೇಟರ್ ಒಂದನ್ನು ರಿಪೇರಿ ಅಂಗಡಿಯಿಂದ ತಂದು, ಬಿಚ್ಚಿ ತೋರಿಸಬಹುದು. ಗೋಡೆಯಲ್ಲಿರುವುದನ್ನು ಮುಟ್ಟಬಾರದು, ಅದರಲ್ಲಿ 230 ವೋಲ್ಟ್ ಇರುತ್ತದೆ. ಪ್ರಯೋಗಾಲಯವಿಲ್ಲ ಎಂದು ಪ್ರಯೋಗವನ್ನೇ ಬಿಡುವ ಮುನ್ನ, ತಗಡಿನವನನ್ನು ಹುಡುಕಿಕೊಂಡು ಹೋದ ಈ ಮಾಸ್ತರರನ್ನು ಒಮ್ಮೆ ನೆನೆಯೋಣ.