ಡಾಕ್ಟರ್ ವರ್ಜೀನಿಯಾ ಅಪ್‌ಗಾರ್

ಪರೀಕ್ಷೆಯೆಂದರೆ ನಮಗೆಲ್ಲ ಶಾಲೆಯ ನೆನಪು ಬರುತ್ತದೆ. ಆದರೆ ಶಾಲೆಯ ಹೊಸ್ತಿಲನ್ನು ತುಳಿಯುವ ಎಷ್ಟೋ ವರ್ಷ ಮೊದಲೇ, ಆಸ್ಪತ್ರೆಯಲ್ಲಿ ಹುಟ್ಟಿದ ನಮ್ಮಲ್ಲಿ ಬಹುಮಂದಿ ಒಂದು ಪರೀಕ್ಷೆಗೆ ಕುಳಿತಿದ್ದೇವೆ. ಕುಳಿತಿದ್ದೇವೆ ಎನ್ನುವುದಕ್ಕಿಂತ ಮಲಗಿದ್ದೇವೆ ಎಂದರೆ ಹೆಚ್ಚು ಸರಿಯಾದೀತು. ಆಗ ನಮ್ಮ ವಯಸ್ಸು ಒಂದು ನಿಮಿಷ. ಪ್ರಶ್ನೆಗಳು ಐದು, ಪೂರ್ಣಾಂಕ ಹತ್ತು. ನಾಲ್ಕು ನಿಮಿಷ ಕಳೆದ ಮೇಲೆ ಅದೇ ಪರೀಕ್ಷೆ ಮತ್ತೊಮ್ಮೆ ನಡೆಯಿತು. ಹೆರಿಗೆಯ ಕೋಣೆಯಲ್ಲಿ ದಾದಿಯರೂ ವೈದ್ಯರೂ ಬರೆದಿಟ್ಟ ಆ ಅಂಕಕ್ಕೆ ಅಪ್‌ಗಾರ್ ಅಂಕ ಎಂದು ಹೆಸರು. ಶಿಶುವೈದ್ಯದ ಪರಿಭಾಷೆಯಲ್ಲಿ ಇಷ್ಟು ಪ್ರಚಾರವಾದ ಶಬ್ದಗಳು ವಿರಳ. ಆದರೂ ಅದನ್ನು ದಿನವೂ ಉಚ್ಚರಿಸುವವರಲ್ಲಿಯೇ ಕೆಲವರಿಗೆ ಅದು ಒಬ್ಬ ಮಹಿಳೆಯ ಹೆಸರೆಂಬುದು ತಿಳಿಯದು. ಆ ಮಹಿಳೆಯ ಜೀವನವನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ವರ್ಜೀನಿಯಾ ಅಪ್‌ಗಾರ್ ಅಮೆರಿಕದ ನ್ಯೂ ಜರ್ಸಿ ಪ್ರಾಂತದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ 1909ರ ಜೂನ್ 7ರಂದು ಹುಟ್ಟಿದಳು. ತಂದೆಯ ಉದ್ಯೋಗ ವಿಮೆಯ ವ್ಯವಹಾರ. ಮನಸ್ಸೆಲ್ಲ ವಿಜ್ಞಾನದ ಮೇಲೆ. ಮನೆಯಲ್ಲಿಯೇ ಆತನು ನಿಸ್ತಂತು ಯಂತ್ರಗಳನ್ನು ಜೋಡಿಸುತ್ತಿದ್ದನು, ನಕ್ಷತ್ರಗಳನ್ನು ವೀಕ್ಷಿಸುತ್ತಿದ್ದನು. ಸಂಗೀತವೂ ಆ ಮನೆಯ ನಿತ್ಯದ ಒಡನಾಡಿಯಾಗಿತ್ತು. ಬಾಲಕಿ ಚಿಕ್ಕಂದಿನಲ್ಲಿಯೇ ಪಿಟೀಲು ಕಲಿತಳು. ಆದರೆ ಆ ಮನೆಗೆ ದುಃಖವೂ ಅಪರಿಚಿತವಾಗಿರಲಿಲ್ಲ. ಒಬ್ಬ ಅಣ್ಣ ಎಳೆಯ ವಯಸ್ಸಿನಲ್ಲಿಯೇ ಕ್ಷಯರೋಗದಿಂದ ತೀರಿಕೊಂಡನು. ಮತ್ತೊಬ್ಬನು ಸದಾ ರೋಗಿಯಾಗಿದ್ದನು. ವೈದ್ಯಳಾಗಬೇಕೆಂಬ ಹಂಬಲ ಆಕೆಯಲ್ಲಿ ಬೇಗನೆ ಮೊಳೆತುದರಲ್ಲಿ ಆಶ್ಚರ್ಯವಿಲ್ಲ.

ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದುವಾಗ ಖರ್ಚಿಗಾಗಿ ಆಕೆ ಹಲವು ಕೆಲಸಗಳನ್ನು ಮಾಡಬೇಕಾಯಿತು. ಪ್ರಯೋಗಶಾಲೆಗೆ ಬೀದಿಯ ಬೆಕ್ಕುಗಳನ್ನು ಹಿಡಿದು ತರುವುದೂ ಅವುಗಳಲ್ಲಿ ಒಂದು. 1929ರಲ್ಲಿ ಪದವಿ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜನ್ನು ಸೇರಿದಳು. ತೊಂಬತ್ತು ಮಂದಿಯ ಆ ತರಗತಿಯಲ್ಲಿ ಸ್ತ್ರೀಯರು ಒಂಬತ್ತೇ ಮಂದಿ. ಅದೇ ವರ್ಷ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ ತಲೆದೋರಿತು. ಸಾಲ ಮಾಡಿ ವ್ಯಾಸಂಗ ಮುಂದುವರಿಸಿ 1933ರಲ್ಲಿ ಆಕೆ ಶ್ರೇಷ್ಠ ದರ್ಜೆಯಲ್ಲಿ ತೇರ್ಗಡೆಯಾದಳು.

ಡಾಕ್ಟರ್ ಅಪ್‌ಗಾರ್ ಅವರ ಆಸೆ ಶಸ್ತ್ರವೈದ್ಯರಾಗಬೇಕೆಂಬುದು. ಕೈಚಳಕಕ್ಕೆ ಕೊರತೆಯಿರಲಿಲ್ಲ. ಆದರೆ ವಿಭಾಗದ ಹಿರಿಯರಾದ ಡಾಕ್ಟರ್ ಆಲನ್ ವಿಪಲ್ ಅವರು, ತಮ್ಮಲ್ಲಿ ಕಲಿತ ಸ್ತ್ರೀಯರು ಶಸ್ತ್ರವೈದ್ಯದಲ್ಲಿ ನೆಲೆಯೂರಲಾರದೆ ಹೋದುದನ್ನು ಕಂಡಿದ್ದರು. ಅರಿವಳಿಕೆಯ ವಿದ್ಯೆ ಮುಂದುವರಿಯದೆ ಶಸ್ತ್ರವೈದ್ಯವೂ ಮುಂದುವರಿಯದೆಂದು ಬಗೆದು, ಅತ್ತ ತಿರುಗುವಂತೆ ಅವರು ಆಕೆಗೆ ಸಲಹೆಯಿತ್ತರು. ರೋಗಿಗೆ ನೋವು ತಿಳಿಯದಂತೆ ಮಾಡುವ ಆ ಕೆಲಸವನ್ನು ಅಂದು ಬಹುಮಟ್ಟಿಗೆ ದಾದಿಯರೇ ಮಾಡುತ್ತಿದ್ದರು. ವೈದ್ಯರಿಗೆ ಅದು ಕೀರ್ತಿಯ ದಾರಿಯಾಗಿ ಕಾಣುತ್ತಿರಲಿಲ್ಲ. ಅಪ್‌ಗಾರ್ ಅವರು ಒಪ್ಪಿದರು. ವಿಸ್ಕಾನ್ಸಿನ್‌ನಲ್ಲಿಯೂ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿಯೂ ತರಬೇತಿ ಪಡೆದು, 1938ರಲ್ಲಿ ಕೊಲಂಬಿಯಾಕ್ಕೆ ಮರಳಿ ಅಲ್ಲಿಯ ಅರಿವಳಿಕೆಯ ಶಾಖೆಗೆ ಮುಖ್ಯರಾದರು. ಹನ್ನೊಂದು ವರ್ಷ ದುಡಿದು ಆ ಶಾಖೆಯನ್ನು ಬೆಳೆಸಿದರು. 1949ರಲ್ಲಿ ಅದು ಸ್ವತಂತ್ರ ವಿಭಾಗವಾದಾಗ ಮುಖ್ಯಸ್ಥಾನ ಮಾತ್ರ ಆಕೆಗೆ ದೊರೆಯದೆ ಪುರುಷ ವೈದ್ಯರೊಬ್ಬರಿಗೆ ಸಂದಿತು. ಆ ಕಾಲೇಜಿನಲ್ಲಿ ಪೂರ್ಣ ಪ್ರಾಧ್ಯಾಪಕ ಪದವಿಯನ್ನು ಪಡೆದ ಪ್ರಥಮ ಮಹಿಳೆಯೆಂಬ ಗೌರವ ಅದೇ ವರ್ಷ ಬಂದಿತು. ಆಡಳಿತದ ಹೊರೆ ಇಳಿದುದರಿಂದ ಆಕೆ ತಮ್ಮ ಗಮನವನ್ನೆಲ್ಲ ಹೆರಿಗೆಯ ಕೋಣೆಯ ಕಡೆಗೆ ತಿರುಗಿಸಿದರು. ಲೋಕದ ಮಕ್ಕಳಿಗೆ ಅದರಿಂದ ಒಳಿತೇ ಆಯಿತು.

ಆ ಕೋಣೆಯಲ್ಲಿ ಆಕೆ ಕಂಡುದೇನು? ಅಮೆರಿಕದಲ್ಲಿ ಶಿಶುಮರಣ ಒಟ್ಟಿನಲ್ಲಿ ಇಳಿಯುತ್ತಿತ್ತು; ಹುಟ್ಟಿದ ಮೊದಲ ದಿನದ ಸಾವುಗಳು ಮಾತ್ರ ಅಷ್ಟಾಗಿ ಇಳಿದಿರಲಿಲ್ಲ. ಕೂಸು ಭೂಮಿಗೆ ಬಂದೊಡನೆ ಎಲ್ಲರ ಕಣ್ಣೂ ತಾಯಿಯ ಮೇಲೆ. ಉಸಿರೆಳೆಯಲು ಹೆಣಗುವ ಶಿಶುವನ್ನು, ಉಳಿಯಲಾರದೆಂದು ಬಗೆದು, ಒತ್ತಟ್ಟಿಗೆ ಇಡುವುದೂ ಉಂಟಾಗಿತ್ತು. ಒಬ್ಬ ವೈದ್ಯನ ಕಣ್ಣಿಗೆ ಚೆನ್ನಾಗಿರುವ ಕೂಸು ಇನ್ನೊಬ್ಬನ ಕಣ್ಣಿಗೆ ದುರ್ಬಲ. ಅಳೆಯುವ ಕೋಲು ಯಾರಲ್ಲಿಯೂ ಇರಲಿಲ್ಲ.

ಒಂದು ಬೆಳಗ್ಗೆ ಆಸ್ಪತ್ರೆಯ ಊಟದ ಮನೆಯಲ್ಲಿ ಉಪಾಹಾರದ ಹೊತ್ತಿಗೆ ವಿದ್ಯಾರ್ಥಿಯೊಬ್ಬನು, ನವಜಾತ ಶಿಶುವಿನ ಸ್ಥಿತಿಯನ್ನು ನಿರ್ಣಯಿಸುವುದು ಹೇಗೆಂದು ಆಕೆಯನ್ನು ಕೇಳಿದನು. ಅಪ್‌ಗಾರ್ ಅವರು ಅದು ಬಹು ಸುಲಭವೆಂದು ಹೇಳಿ, ಕೈಗೆ ಸಿಕ್ಕಿದ ಚೀಟಿಯೊಂದರ ಮೇಲೆ ಐದು ಅಂಶಗಳನ್ನು ಗೀಚಿಕೊಟ್ಟರು. ಬಳಿಕ, ಬರೆದುದು ನಿಜವೋ ಅಲ್ಲವೋ ನೋಡೋಣವೆಂದು ನೇರವಾಗಿ ಹೆರಿಗೆಯ ಕೋಣೆಗೆ ನಡೆದರು.

ಆ ಐದು ಅಂಶಗಳು ಇವು: ಹೃದಯದ ಬಡಿತ, ಉಸಿರಾಟ, ಕೆಣಕಿದರೆ ತೋರುವ ಪ್ರತಿಕ್ರಿಯೆ, ಸ್ನಾಯುಗಳ ಬಿಗುಪು ಮತ್ತು ಮೈಬಣ್ಣ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಹೃದಯ ನಿಮಿಷಕ್ಕೆ ನೂರಕ್ಕಿಂತ ಹೆಚ್ಚು ಸಲ ಬಡಿದರೆ ಎರಡು, ಕಡಿಮೆಯಾದರೆ ಒಂದು, ಬಡಿತವೇ ಇಲ್ಲದಿದ್ದರೆ ಸೊನ್ನೆ. ಕೂಸು ಗಟ್ಟಿಯಾಗಿ ಅತ್ತರೆ ಉಸಿರಾಟಕ್ಕೆ ಎರಡು. ತಡೆತಡೆದು ಉಸಿರಾಡಿದರೆ ಒಂದು. ಕೆಣಕಿದಾಗ ಅತ್ತರೆ ಅಥವಾ ಸೀನಿದರೆ ಎರಡು, ಬರಿಯ ಮುಖ ಸಿಂಡರಿಸಿದರೆ ಒಂದು. ಕೈಕಾಲು ಚೆನ್ನಾಗಿ ಆಡಿಸಿದರೆ ಎರಡು, ಜೋತುಬಿದ್ದಿದ್ದರೆ ಸೊನ್ನೆ. ಒಟ್ಟು ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ನೆಮ್ಮದಿ. ಮೂರು ಅಥವಾ ಅದಕ್ಕಿಂತ ಕಡಿಮೆಯಾದರೆ ಒಂದು ಕ್ಷಣವೂ ತಡಮಾಡುವಂತಿಲ್ಲ. ಹುಟ್ಟಿದಾಗ ಅಂಗೈ ಅಂಗಾಲುಗಳು ನೀಲಿಗಟ್ಟಿರುವುದು ಸಹಜವಾದುದರಿಂದ ಮೊದಲ ನಿಮಿಷದಲ್ಲಿ ಹತ್ತಕ್ಕೆ ಹತ್ತು ಪಡೆಯುವ ಶಿಶುಗಳು ಅಪರೂಪ. ಹೆರಿಗೆ ಮಾಡಿಸಿದವರೇ ಅಂಕ ಕೊಡಬಾರದೆಂಬುದು ಆಕೆಯ ಅಭಿಪ್ರಾಯವಾಗಿತ್ತು; ತಮ್ಮ ಕೈಯಿಂದ ಭೂಮಿಗೆ ಬಂದ ಕೂಸಿಗೆ ಯಾರು ತಾನೆ ಕಡಿಮೆ ಅಂಕ ಕೊಟ್ಟಾರು?

1952ರಲ್ಲಿ ಈ ಕ್ರಮವನ್ನು ವೈದ್ಯರ ಸಭೆಯೊಂದರ ಮುಂದಿಟ್ಟು, ಮರುವರ್ಷ ಲೇಖನವಾಗಿ ಪ್ರಕಟಿಸಿದರು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ನೋಡುವ ಕಣ್ಣು, ಕೇಳುವ ಕಿವಿ, ಮುಟ್ಟುವ ಕೈ ಸಾಕು. ಆದುದರಿಂದಲೇ ಅದು ಬೇಗನೆ ದೇಶದೇಶಗಳಿಗೆ ಹಬ್ಬಿತು. ಅಂಕ ಬರೆಯಬೇಕಾದರೆ ಕೂಸನ್ನು ನೋಡಲೇಬೇಕು. ನೋಡಿದ ಮೇಲೆ ಸುಮ್ಮನೆ ಇರುವುದು ಯಾರಿಗೂ ಸಾಧ್ಯವಿಲ್ಲ. ಒತ್ತಟ್ಟಿಗೆ ಇಡಲ್ಪಡುತ್ತಿದ್ದ ಶಿಶುಗಳಿಗೆ ಉಸಿರು ತುಂಬುವ ಪ್ರಯತ್ನ ಎಲ್ಲೆಡೆಯೂ ಮೊದಲಾಯಿತು.

ಅಂಕಗಳು ಆಕೆಯ ಸ್ವಂತ ಕೆಲಸವನ್ನೂ ತೂಗಿ ನೋಡಿದವು. ತಾಯಂದಿರಿಗೆ ಕೊಡುತ್ತಿದ್ದ ಸೈಕ್ಲೋಪ್ರೊಪೇನ್ ಎಂಬ ಅರಿವಳಿಕೆಯ ಅನಿಲ ಆಕೆಗೆ ಬಹು ಮೆಚ್ಚಿನದು. ಆದರೆ ಅದನ್ನು ಪಡೆದ ತಾಯಂದಿರ ಶಿಶುಗಳು ಮಂಕಾಗಿರುವುದು ಪರಿಶೀಲನೆಯಿಂದ ತಿಳಿದುಬಂದಿತು. ತಿಳಿದೊಡನೆ ಹೆರಿಗೆಯಲ್ಲಿ ಅದರ ಬಳಕೆಯನ್ನು ಬಿಟ್ಟುಬಿಟ್ಟರು. ತನ್ನ ಮೆಚ್ಚುಗೆಗಿಂತ ಸತ್ಯ ದೊಡ್ಡದೆಂದು ಒಪ್ಪುವುದು ವಿಜ್ಞಾನಿಯ ನಿಜವಾದ ಲಕ್ಷಣ.

1962ರಲ್ಲಿ ಜೋಸೆಫ್ ಬಟರ್‌ಫೀಲ್ಡ್ ಎಂಬ ಶಿಶುವೈದ್ಯರು ಆಕೆಯ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಿಗೆ ಈ ಐದು ಅಂಶಗಳನ್ನು ಹೊಂದಿಸಿದರು. ಕನ್ನಡದಲ್ಲಿ ಹೇಳುವುದಾದರೆ ಅವು ತೋರಿಕೆ, ನಾಡಿ, ಮುಖ ಸಿಂಡರಿಸುವುದು, ಚಲನೆ, ಉಸಿರಾಟ. ವಿದ್ಯಾರ್ಥಿಗಳ ಬಾಯಿಪಾಠಕ್ಕೆ ಇದರಿಂದ ಬಹಳ ಅನುಕೂಲವಾಯಿತು. ಆದರೆ ಹೆಸರೇ ಸೂತ್ರವಾದಾಗ, ಹೆಸರಿನ ಹಿಂದೆ ಒಬ್ಬ ವ್ಯಕ್ತಿಯಿದ್ದರೆಂಬುದನ್ನು ಜನ ಮರೆಯತೊಡಗಿದರು.

ಐವತ್ತು ವರ್ಷ ವಯಸ್ಸಾದಾಗ ಅಪ್‌ಗಾರ್ ಅವರು ಮತ್ತೆ ವಿದ್ಯಾರ್ಥಿಯಾದರು. 1959ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆರೋಗ್ಯದ ಪದವಿ ಪಡೆದು, ಹುಟ್ಟಿನಿಂದ ಬರುವ ಊನಗಳ ನಿವಾರಣೆಗಾಗಿ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆಯನ್ನು ಸೇರಿದರು. ಇಂಥ ಮಕ್ಕಳನ್ನು ಮರೆಮಾಡುತ್ತಿದ್ದ ಕಾಲದಲ್ಲಿ ಊರೂರು ತಿರುಗಿ, ಅದು ನಾಚಿಕೆಯ ವಿಷಯವಲ್ಲವೆಂದು ತಿಳಿಯಹೇಳಿದರು. 1964–65ರಲ್ಲಿ ಜರ್ಮನ್ ದಡಾರದ ಪಿಡುಗು ಅಮೆರಿಕದಲ್ಲಿ ಸಾವಿರಾರು ಗರ್ಭಸ್ಥ ಶಿಶುಗಳಿಗೆ ಕೇಡು ತಂದಾಗ, ಲಸಿಕೆಯ ಅಗತ್ಯವನ್ನು ಬಲವಾಗಿ ಪ್ರತಿಪಾದಿಸಿದರು.

ಇಷ್ಟರ ನಡುವೆ ಪಿಟೀಲು ನಿಂತಿರಲಿಲ್ಲ. ತಂತಿವಾದ್ಯಗಳನ್ನು ಸ್ವತಃ ಕೆತ್ತುವುದನ್ನೂ ಆಕೆ ಕಲಿತರು. ಆಸ್ಪತ್ರೆಯ ಟೆಲಿಫೋನ್ ಗೂಡಿನ ಹಲಗೆ ವಾದ್ಯಕ್ಕೆ ಹೇಳಿಮಾಡಿಸಿದಂಥ ಮರವೆಂದು ಕಂಡು, ಗೆಳತಿಯೊಡನೆ ಇರುಳಿನಲ್ಲಿ ಅದನ್ನು ಕಳಚಿ ಬೇರೊಂದು ಹಲಗೆಯನ್ನು ಕೂಡಿಸಿದ ಕಥೆ ಪ್ರಸಿದ್ಧವಾಗಿದೆ. ನಾವು ಇದನ್ನು ಅನುಕರಣೆಗಾಗಿ ಹೇಳುತ್ತಿಲ್ಲವೆಂದು ಬಾಲಮಿತ್ರರು ತಿಳಿಯಬೇಕು! ಐವತ್ತು ದಾಟಿದ ಮೇಲೆ ವಿಮಾನ ನಡೆಸುವುದನ್ನೂ ಅಭ್ಯಾಸಮಾಡಿದರು. 1974ರ ಆಗಸ್ಟ್ 7ರಂದು ನ್ಯೂಯಾರ್ಕಿನಲ್ಲಿ, ತಾವು ಕಲಿತು ಕಲಿಸಿದ ಆಸ್ಪತ್ರೆಯಲ್ಲಿಯೇ, ಕಾಲವಶರಾದರು. 1994ರಲ್ಲಿ ಅಮೆರಿಕದ ಅಂಚೆ ಇಲಾಖೆ ಆಕೆಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಈ ಅಂಕಕ್ಕೂ ಮಿತಿಗಳುಂಟು. ಮೈಬಣ್ಣ ಕಪ್ಪಾಗಿರುವ ಶಿಶುಗಳಲ್ಲಿ ತುಟಿಯನ್ನೂ ನಾಲಗೆಯನ್ನೂ ನೋಡಿಯೇ ಬಣ್ಣವನ್ನು ನಿರ್ಣಯಿಸಬೇಕು. ಉಸಿರಾಡದ ಕೂಸಿಗೆ ನೆರವು ನೀಡಲು ಒಂದು ನಿಮಿಷದ ಅಂಕಕ್ಕಾಗಿ ಕಾಯುವಂತಿಲ್ಲ. ಮುಂದೆ ಮಗು ಜಾಣನಾಗುವನೋ ದಡ್ಡನಾಗುವನೋ ಎಂಬುದನ್ನು ಈ ಅಂಕ ಹೇಳದು. ಹೇಳಬೇಕೆಂದು ಅಪ್‌ಗಾರ್ ಅವರು ಉದ್ದೇಶಿಸಿಯೂ ಇರಲಿಲ್ಲ. ಈ ಹೊತ್ತು ಈ ಕೂಸಿಗೆ ನಮ್ಮ ನೆರವು ಬೇಕೆ ಎಂಬುದೊಂದೇ ಅದರ ಪ್ರಶ್ನೆ.

ನಮ್ಮ ಶಾಲೆಯ ಅಂಕಪಟ್ಟಿಗಳಿಗೂ ಈ ಮಾತು ಸಲ್ಲುತ್ತದೆಂದು ನಾವು ಭಾವಿಸುತ್ತೇವೆ. ಕಡಿಮೆ ಅಂಕ ಬಂದವನನ್ನು ಒತ್ತಟ್ಟಿಗೆ ಇಡುವುದಕ್ಕಾಗಿ ಅಂಕಗಳಿಲ್ಲ. ಅವನ ಬಳಿಗೆ ಮೊದಲು ಓಡಬೇಕೆಂದು ತಿಳಿಯುವುದಕ್ಕಾಗಿ ಅವು ಇವೆ. ಮನೆಯಲ್ಲಿ ತಮ್ಮನೋ ತಂಗಿಯೋ ಹುಟ್ಟಿ, ಆಸ್ಪತ್ರೆಯ ಕಾಗದದಲ್ಲಿ ಅಪ್‌ಗಾರ್ ಎಂಬ ಹೆಸರಿನ ಮುಂದೆ ಎರಡು ಅಂಕೆಗಳು ಕಂಡರೆ, ಶಸ್ತ್ರವೈದ್ಯರಾಗಲಾರದೆ ಹೋದರೂ ಲಕ್ಷಾಂತರ ಕೂಸುಗಳ ಕಡೆಗೆ ಲೋಕದ ಕಣ್ಣನ್ನು ತಿರುಗಿಸಿದ ಈ ಮಹಿಳೆಯನ್ನು ನಮ್ಮ ವಿದ್ಯಾರ್ಥಿಗಳು ಒಂದು ಗಳಿಗೆ ನೆನೆಯಲಿ.